ಸರ್ ಎಂ. ವಿಶ್ವೇಶ್ವರಯ್ಯ: ಜೀವನ ಪರಿಚಯ

ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯನವರು (ನಿಧನ: 1962) ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬೊಂಬಾಯಿ ಪ್ರಾಂತ್ಯದ ಸೇವೆಯಲ್ಲಿದ್ದಾಗ, ಪುಣೆ ಸಮೀಪದ ಖಡಕವಾಸ್ಲಾ ಜಲಾಶಯದ ನೀರು ಮಳೆಗಾಲದಲ್ಲಿ ಕೋಡಿ ಹರಿದು ವ್ಯರ್ಥವಾಗುತ್ತಿರುವುದನ್ನು ಗಮನಿಸಿದರು. ಅಣೆಕಟ್ಟೆಯನ್ನು ಎತ್ತರಿಸುವ ಬದಲು, ನೀರು ನಿಗದಿತ ಮಟ್ಟ ಮೀರಿದೊಡನೆ ತಾವಾಗಿಯೇ ತೆರೆದು, ಇಳಿದಾಗ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿ, 1903ರಲ್ಲಿ ಅಳವಡಿಸಿದರು. ಈ ವಿನ್ಯಾಸಕ್ಕೆ ಪೇಟೆಂಟ್ ಸಹ ದೊರೆಯಿತು.

1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದ್ ನಗರದಲ್ಲಿ ಸಾವಿರಾರು ಜನರು ಮೃತಪಟ್ಟರು. ಚಂದ್ರಂಪಳ್ಳಿ ಸೇರಿದಂತೆ ಚಿಂಚೋಳಿ, ಸೇಡಂ, ಚಿತ್ತಾಪುರ ಪ್ರದೇಶವೂ ಅಂದು ಅದೇ ನಿಜಾಂ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಆಹ್ವಾನದ ಮೇರೆಗೆ 1909ರಲ್ಲಿ ಆಗಮಿಸಿದ ಅವರು, ಮಳೆ ಹಾಗೂ ಪ್ರವಾಹದ ವಿವರಗಳನ್ನು ಪರಿಶೀಲಿಸಿ, ನಗರದ ಮೇಲ್ಭಾಗದಲ್ಲಿಯೇ ನೀರನ್ನು ತಡೆಯುವಂತೆ ಸಲಹೆ ನೀಡಿದರು. ಅದರಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ನಿರ್ಮಾಣಗೊಂಡವು.

ಮೊದಲು ಅಳತೆ, ಅನಂತರ ಕಾರಣ, ಕೊನೆಯಲ್ಲಿ ಪರಿಹಾರ: ಈ ಅಭ್ಯಾಸವೇ ಅವರ ಆವಿಷ್ಕಾರಗಳಿಗೆ ಆಧಾರವಾಗಿತ್ತು.