ಬಲ್ಲಾಳನ ಕಾಲು, ದೇಯಿಯ ಕೈ

ಮಣಿಪಾಲದಿಂದ ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳಕ್ಕೆ ಹೋದ್ರೆ ಅಲ್ಲಿ ಕೋಟಿ-ಚೆನ್ನಯ ಥೀಮ್ ಪಾರ್ಕ್ ಇದೆ. ಕಾಪು ಕಡೆ ಹೊರಟರೆ ಕಟಪಾಡಿಯ ಏಣಗುಡ್ಡೆ ಗರಡಿ. ಎಲ್ಲಿ ಹೋದರೂ ನಮ್ಮ ಕಣ್ಣು ನಿಲ್ಲೋದು ಆ ಅವಳಿ ವೀರರ ಮೇಲೆಯೇ. ದೇಯಿ ಬೈದೆತಿ ಯಾರು ಅಂತ ಕೇಳಿದ್ರೆ, ಅವರ ಅಮ್ಮ ಅಂತಷ್ಟೇ ಉತ್ತರ ಬರುತ್ತೆ. ಆದರೆ ಮಕ್ಕಳು ಹುಟ್ಟುವ ಮೊದಲೇ ಆಕೆಗೆ ತನ್ನದೇ ಹೆಸರಿತ್ತು. ಆಕೆ ನೋವು ಕಳೆಯುವ ಕೆಲಸ ಬಲ್ಲವಳು.

ಕಾಲ ಸುಮಾರು 16ನೇ ಶತಮಾನ, ಊರು ಈಗಿನ ಪುತ್ತೂರು ತಾಲ್ಲೂಕಿನ ಪಡುಮಲೆ. ನಮಗೆ ಗೊತ್ತಿರೋದೆಲ್ಲ ತುಳು ಪಾಡ್ದನಗಳಿಂದ. ಹಾಡುವವರು ಬದಲಾದ ಹಾಗೆ ವಿವರವೂ ಬದಲಾಗುತ್ತೆ. ದೇಯಿ ಹುಟ್ಟಿದ್ದು ಬ್ರಾಹ್ಮಣರ ಮನೆಯಲ್ಲಿ. ಮದುವೆಗೆ ಮೊದಲೇ ಮೈನೆರೆದಳು ಅಂತ ಕಣ್ಣು ಕಟ್ಟಿ ಕಾಡಲ್ಲಿ ಬಿಟ್ಟು ಬಂದರು. ಕಾಪಾಡಿದವನು ಬಿಲ್ಲವರ ಸಾಯನ ಬೈದ್ಯ. ಬೈದ್ಯ ಅಂದ್ರೆ ವೈದ್ಯನೇ. ಬಿಲ್ಲವರಲ್ಲಿ ನಾಟಿಮದ್ದು ಮನೆತನದ ವಿದ್ಯೆ. ಆ ಮನೆಯಲ್ಲೇ ದೇಯಿಗೆ ಮದ್ದಿನ ಗಿಡಗಳ ಪರಿಚಯ ಆಯ್ತು. ಕಾಂತಣ್ಣ ಬೈದ್ಯನ ಜೊತೆ ಮದುವೆಯೂ ಆಯ್ತು.

ಬೇಟೆಗೆ ಹೋದ ಪಡುಮಲೆಯ ಬಲ್ಲಾಳನ ಕಾಲಿಗೆ ಕಾಸರ್ಕನ ಮುಳ್ಳು ಚುಚ್ಚಿತು. ಕಾಲು ಬಾತು ವಿಷ ಏರಿತು, ಯಾರ ಮದ್ದೂ ನಾಟಲಿಲ್ಲ. ಕೊನೆಗೆ ದೇಯಿಗೆ ಕರೆ ಬಂತು. ಆಕೆ ತುಂಬು ಗರ್ಭಿಣಿ. ಆದರೂ ಹೋದಳು.

ಅಲ್ಲಿ ಆಕೆಯ ಕೈ ಏನೇನು ಮಾಡಿತು? ಮುಟ್ಟದೆ, ಎಲ್ಲಿ ನೋವು ಅಂತ ಬೆರಳಲ್ಲೇ ಹುಡುಕದೆ, ಬಾತ ಕಾಲಿಗೆ ಮದ್ದು ಕಟ್ಟೋಕಾಗಲ್ಲ. ಪಾಡ್ದನದ ಆ ಭಾಗ ಕೇಳುವಾಗೆಲ್ಲ ನಂಗೆ ಕಾಣೋದು ಇದೇ: ಊರಿನ ಒಡೆಯನ ಕಾಲು ಒಬ್ಬ ಬಸುರಿಯ ಅಂಗೈಯಲ್ಲಿ. ನಮ್ಮಂಥ ಇಂಜಿನಿಯರಿಂಗ್ ತಲೆಗಳಿಗೆ ಇನ್ನೊಂದು ಮಾತು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಗೇಟ್ ಕಂಟ್ರೋಲ್ ಸಿದ್ಧಾಂತ ಮುಂದಿಟ್ಟರು. ಮೃದುವಾಗಿ ಮುಟ್ಟಿದಾಗ ಹೋಗುವ ಸಂಕೇತ, ಬೆನ್ನುಹುರಿಯಲ್ಲಿ ನೋವಿನ ಸಂಕೇತಕ್ಕೆ ಬಾಗಿಲು ಸ್ವಲ್ಪ ಮುಚ್ಚುತ್ತೆ ಅಂತ. ಮೊಣಕೈ ಮೇಜಿಗೆ ತಾಗಿದ ಕೂಡಲೇ ನಾವು ಉಜ್ಜಿಕೊಳ್ಳೋದೂ ಅದಕ್ಕೇ. ಮಣಿಪಾಲದ ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ಇದು ಪಾಠ. ಆದರೆ ಉಜ್ಜಿದರೆ ವಿಷ ಇಳಿಯಲ್ಲ. ಅದಕ್ಕೆ ಆಕೆಯ ಸೊಪ್ಪು-ಬೇರು ಬೇಕಿತ್ತು.

ಬಲ್ಲಾಳ ಎದ್ದು ನಡೆದ. ಉಡುಗೊರೆಯ ಮಾತು ಕೊಟ್ಟ. ದೇಯಿ ಕೋಟಿ, ಚೆನ್ನಯರನ್ನು ಹೆತ್ತಳು. ಕೆಲವೇ ದಿನಗಳಲ್ಲಿ ತೆಂಗಿನ ಮಡಲು ತಲೆಗೆ ಬಿದ್ದು ತೀರಿಕೊಂಡಳು. ಅಷ್ಟು ಜನರಿಗೆ ಮದ್ದು ಕೊಟ್ಟವಳಿಗೆ ಮದ್ದು ಕೊಡೋಕೆ ಪುರುಸೊತ್ತೇ ಸಿಗಲಿಲ್ಲ.

ಪಂಜೆ ಮಂಗೇಶರಾಯರು ಈ ಕಥೆಯನ್ನು ಕನ್ನಡಕ್ಕೆ ತಂದರು, 1973ರಲ್ಲಿ ತುಳು ಸಿನಿಮಾ ಆಯ್ತು. ಎರಡಕ್ಕೂ ಹೆಸರು ಮಕ್ಕಳದ್ದೇ. ಈಗ ಪಡುಮಲೆ ಹತ್ತಿರ ದೇಯಿ ಹೆಸರಲ್ಲೊಂದು ಔಷಧಿವನ ಇದೆ. ಗೆಜ್ಜೆಗಿರಿಯಲ್ಲಿ ಆಕೆಗೆ ಗುಡಿಯೂ ಇದ್ದು, 2020ರಲ್ಲಿ ಅಲ್ಲಿ ಬ್ರಹ್ಮಕಲಶ ನಡೆಯಿತು.

ದೊಡ್ಡವರಾದ ಮೇಲೆ ಮಕ್ಕಳು ಬಲ್ಲಾಳನ ಮುಂದೆ ನಿಂತು ಅಮ್ಮನಿಗೆ ಮಾತು ಕೊಟ್ಟಿದ್ದನ್ನು ಕೇಳಿದರು. ಆತ ಕೊಡಲಿಲ್ಲ. ಅಣ್ಣತಮ್ಮ ಪಡುಮಲೆ ಬಿಟ್ಟು ಎಣ್ಮೂರಿನ ದಾರಿ ಹಿಡಿದರು.