ಶ್ರೀಮತಿ ಮ್ಯಾಜ್ ಸೈಯರ್ಸ್

ಪಾದರಕ್ಷೆಗೆ ಉಕ್ಕಿನ ಅಲಗನ್ನು ಬಿಗಿದು ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಸ್ಕೇಟಿಂಗ್ ಎಂಬ ಆಟವನ್ನು ನಮ್ಮಲ್ಲಿ ಕಣ್ಣಾರೆ ಕಂಡವರು ವಿರಳ. ಅದರಲ್ಲಿ ಕೀರ್ತಿ ಪಡೆದ ಶ್ರೀಮತಿ ಮ್ಯಾಜ್ ಸೈಯರ್ಸರು 1881ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಪತಿ ಎಡ್ಗರ್ ಸೈಯರ್ಸರೇ ಜೋಡಿ ಆಟದಲ್ಲಿ ಅವರ ಜೊತೆಗಾರರು.

1902ರ ಜಗತ್ಪಂದ್ಯಕ್ಕೆ ಈಕೆಯು ಹೆಸರು ಕೊಟ್ಟರು. ಅದುವರೆಗೆ ಅಲ್ಲಿ ಆಡಿದವರೆಲ್ಲರೂ ಪುರುಷರು. ಆದರೆ ಸ್ತ್ರೀಯರು ಕೂಡದೆಂದು ನಿಯಮಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಯಾರಿಗೂ ತೋರಿರಲಿಲ್ಲವೆಂದು ನಾವು ಊಹಿಸುತ್ತೇವೆ! ಸ್ವೀಡನ್ನಿನ ಉಲ್ರಿಕ್ ಸಾಲ್ಖೋವರು ಮೊದಲಿಗರಾದರು, ಈಕೆಯು ಎರಡನೆಯವರು. ಮರುವರ್ಷವೇ ಆ ಪಂದ್ಯದ ಬಾಗಿಲು ಸ್ತ್ರೀಯರಿಗೆ ಮುಚ್ಚಿತು. ಉದ್ದವಾದ ಲಂಗವು ಪಾದಗಳನ್ನು ಮರೆಸುವುದರಿಂದ ತೀರ್ಪುಗಾರರಿಗೆ ಆಟವು ಕಾಣದೆಂಬುದು ಹೇಳಿದ ಕಾರಣಗಳಲ್ಲಿ ಒಂದು. ಅಷ್ಟಕ್ಕೇ ಬಾಗಿಲು ಮುಚ್ಚಬೇಕಿತ್ತೇ ಎಂದು ನಮಗೆ ತೋರುತ್ತದೆ. ಈಕೆಯು ಮೀನಖಂಡದವರೆಗಿನ ಗಿಡ್ಡ ಲಂಗವನ್ನು ತೊಟ್ಟು ಆಡತೊಡಗಿದರು. 1904ರ ಬ್ರಿಟಿಷ್ ಪಂದ್ಯದಲ್ಲಿಯಾದರೋ ಸ್ವಂತ ಪತಿಯನ್ನೇ ಸೋಲಿಸಿದರು.

1906ರಲ್ಲಿ ಸ್ತ್ರೀಯರಿಗೆಂದೇ ಬೇರೆ ಪಂದ್ಯವು ಏರ್ಪಟ್ಟಿತು. ಆ ವರ್ಷವೂ ಮರುವರ್ಷವೂ ಈಕೆಯೇ ಗೆದ್ದರು. 1908ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರ ಚಿನ್ನದ ಪದಕವೂ, ಪತಿಯೊಡನೆ ಜೋಡಿ ಆಟದಲ್ಲಿ ಕಂಚಿನ ಪದಕವೂ ಲಭಿಸಿದವು. ಬಳಿಕ ದೇಹಾರೋಗ್ಯವು ಕೆಟ್ಟು ಪಂದ್ಯಗಳನ್ನು ಬಿಟ್ಟರು. ದಂಪತಿಗಳು ಸ್ಕೇಟಿಂಗ್ ಕಲೆಯನ್ನು ಕುರಿತು ಬರೆದ ಪುಸ್ತಕವು 1913ರಲ್ಲಿ ಹೊರಬಂದಿತು. 1917ರಲ್ಲಿ, ಕೇವಲ 35 ವರ್ಷದವರಾಗಿದ್ದಾಗ, ಶ್ರೀಮತಿಯವರು ಹೃದ್ರೋಗದಿಂದ ತೀರಿಕೊಂಡರು.