ಪ್ರವಾಹದೆದುರು ನಡೆದ ದೋಣಿ

ಕಲಬುರಗಿ ಜಿಲ್ಲೆಯ ಮಾದನಹಿಪ್ಪರಗಾದ ಸುತ್ತಲಿನ ಜನರಿಗೆ ಹೊಳೆಯ ಸ್ವಭಾವ ಚೆನ್ನಾಗಿ ಗೊತ್ತು. ಆಳಂದ ಸೀಮೆಯ ಅಮರ್ಜಾ ಹೊಳೆಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಮಳೆಗಾಲದಲ್ಲಿ ದಡ ಮೀರಿ ಹರಿಯುವ ಭೀಮೆ ಬೇಸಿಗೆ ಬಂತೆಂದರೆ ಸೊರಗುತ್ತದೆ; ಮಳಲ ದಿಬ್ಬಗಳೂ ಕಲ್ಲುಬಂಡೆಗಳೂ ತಲೆಯೆತ್ತುತ್ತವೆ. ಅಂತಹ ಹೊಳೆಯಲ್ಲಿ ಯಂತ್ರದ ದೋಣಿಯನ್ನು ನಡೆಸುವುದು ಹೇಗೆ? ಸಾಮಾನ್ಯ ಯಂತ್ರದೋಣಿಯ ತಳದಿಂದ ಪ್ರೊಪೆಲ್ಲರ್ ಎಂಬ ರೆಕ್ಕೆಚಕ್ರವು ನೀರಿನೊಳಕ್ಕೆ ಇಳಿದಿರುತ್ತದೆ. ಅದು ಕಲ್ಲಿಗೆ ತಗುಲಿತೆಂದರೆ ಮುರಿಯುವುದು ಖಂಡಿತ. ಭೂಮಂಡಲದ ಇನ್ನೊಂದು ತುದಿಯಲ್ಲಿ, ಇಂತಹವೇ ಆಳವಿಲ್ಲದ ಹೊಳೆಗಳ ನಡುವೆ ಬೆಳೆದು, ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್.

ಹ್ಯಾಮಿಲ್ಟನ್ನರು 1899ರ ಜುಲೈ 26ರಂದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಫೇರ್ಲಿ ಎಂಬ ಊರಿನ ಸಮೀಪದ ಕುರಿಸಾಕಣೆಯ ಜಮೀನಿನಲ್ಲಿ ಜನಿಸಿದರು. ಯಂತ್ರಗಳ ಮೇಲಿನ ಮೋಹ ಅವರಿಗೆ ಎಳವೆಯಿಂದಲೇ ಅಂಟಿಕೊಂಡಿತ್ತು. 1921ರಲ್ಲಿ ಅವರು ಮೆಕೆಂಜಿ ಎಂಬ ಬಯಲುಸೀಮೆಯಲ್ಲಿ ಐರಿಷ್‌ಮನ್ ಕ್ರೀಕ್ ಎಂಬ ದೊಡ್ಡ ಹುಲ್ಲುಗಾವಲಿನ ಒಡೆಯರಾದರು. ಅಲ್ಲಿ ವಿದ್ಯುತ್ತಿರಲಿಲ್ಲ. ಹ್ಯಾಮಿಲ್ಟನ್ನರು ತೊರೆಗೆ ಕಟ್ಟೆ ಕಟ್ಟಿ, ನೀರಿನ ಬಲದಿಂದ ವಿದ್ಯುತ್ತನ್ನು ಪಡೆಯಲು ನಿಶ್ಚಯಿಸಿದರು. ಕಟ್ಟೆಗಾಗಿ ಮಣ್ಣು ಅಗೆದು ಸಾಗಿಸುವ ಯಂತ್ರವನ್ನೂ ತಾವೇ ರೂಪಿಸಿದರು. ಒಂದು ಕೊರತೆಯನ್ನು ನೀಗಿಸಲು ಹೊರಟವರಿಗೆ ಒಂದು ಕಾರ್ಯಾಗಾರವೇ ದೊರೆತಂತಾಯಿತು. ಕುರಿಗಳ ನಾಡಿನ ನಡುವೆ ಹುಟ್ಟಿದ ಆ ಕಾರ್ಯಾಗಾರ 1939ರಲ್ಲಿ ಒಂದು ಕಂಪನಿಯಾಗಿ, ಮುಂದೆ ಮಣ್ಣು ಸಾಗಿಸುವ ಯಂತ್ರಗಳಿಗೆ ಹೆಸರಾಯಿತು. ವೇಗವೆಂದರೆ ಅವರಿಗೆ ಪ್ರಾಣ. ಬೆಂಟ್ಲಿ ಮೋಟಾರಿನಲ್ಲಿ ಪಂದ್ಯಗಳಿಗೆ ಇಳಿದು, ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಮೋಟಾರನ್ನು ಓಡಿಸಿದ ಸಾಹಸಿ ಅವರು.

ಅವರ ಸೀಮೆಯ ನದಿಗಳು ಹಿಮದ ಬೆಟ್ಟಗಳಿಂದ ಇಳಿದು, ನೊರಜುಗಲ್ಲಿನ ಹಾಸಿನ ಮೇಲೆ ಹೆಣೆದ ಜಡೆಯಂತೆ ಹಲವು ಕವಲುಗಳಾಗಿ ಹರಿಯುತ್ತವೆ. ನೀರಿನ ಆಳ ಎಷ್ಟೋ ಕಡೆ ಮೊಣಕಾಲನ್ನೂ ಮುಟ್ಟದು. ಸೆಳೆತವಾದರೋ ಆಳನ್ನು ಕೆಡಹುವಷ್ಟು. ಈ ನದಿಗಳನ್ನು ಪ್ರವಾಹದೆದುರಾಗಿ ಏರಬಲ್ಲ ದೋಣಿಯೊಂದು ಬೇಕೆಂಬುದು ಹ್ಯಾಮಿಲ್ಟನ್ನರ ಬಯಕೆ. ಐವತ್ತು ವರ್ಷ ದಾಟಿದ ಮೇಲೆ ಅವರು ಈ ಕೆಲಸಕ್ಕೆ ಕೈಹಾಕಿದರು.

ನೀರನ್ನು ಪಂಪಿನಿಂದ ಹೀರಿ ಹಿಂದಕ್ಕೆ ಚಿಮ್ಮಿಸಿ ದೋಣಿಯನ್ನು ಮುಂದಕ್ಕೆ ನೂಕುವ ಕಲ್ಪನೆ ಹೊಸತಾಗಿರಲಿಲ್ಲ. ಅಮೆರಿಕೆಯಲ್ಲಿ ಅಂತಹದೊಂದು ಸಾಧನ ಆಗಲೇ ತಯಾರಾಗಿತ್ತು. ಹ್ಯಾಮಿಲ್ಟನ್ನರು ಅದೇ ಮಾದರಿಯಿಂದ ತಮ್ಮ ಪ್ರಯೋಗವನ್ನು ಆರಂಭಿಸಿದರು. ಅದರಲ್ಲಿ ನೀರನ್ನು ಹೊರಚಿಮ್ಮಿಸುವ ಮೂತಿಯು ದೋಣಿಯ ತಳದ ಕೆಳಗೆ, ನೀರಿನೊಳಗೇ ಇತ್ತು. ಏನೆಲ್ಲ ತಿದ್ದುಪಡಿ ಮಾಡಿದರೂ ದೋಣಿಗೆ ತಕ್ಕ ವೇಗ ಬರಲಿಲ್ಲ. ಆಗ ಅವರ ಕಾರ್ಯಾಗಾರದ ಕೆಲಸಗಾರರೊಬ್ಬರು ಒಂದು ಸಲಹೆ ನೀಡಿದರು: ಮೂತಿಯನ್ನು ಮೇಲೆತ್ತಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕೂಡಿಸಿ ನೋಡಬಾರದೇಕೆ? ಒಡೆಯನೆಂಬ ಹಮ್ಮು ಹ್ಯಾಮಿಲ್ಟನ್ನರನ್ನು ತಡೆಯಲಿಲ್ಲ. ಸಲಹೆಯನ್ನು ಪರೀಕ್ಷಿಸಿದರು. ಎಂಜಿನ್ನಿನ ಬಲ ಹೆಚ್ಚದಿದ್ದರೂ ದೋಣಿಯ ವೇಗ ಗಮನಾರ್ಹವಾಗಿ ಏರಿತು! 1954ರ ಹೊತ್ತಿಗೆ ಜೆಟ್ ದೋಣಿಯು ನಂಬಿಕೆಗೆ ಅರ್ಹವಾದ ವಾಹನವಾಗಿ ರೂಪುಗೊಂಡಿತು.

ಈ ಬದಲಾವಣೆಯ ಮರ್ಮವೇನು? ಹೊಲದಲ್ಲಿ ಪಂಪ್‌ಸೆಟ್ಟಿನ ರಬ್ಬರು ಪೈಪನ್ನು ಹಿಡಿದವರಿಗೆ ಒಂದು ಅನುಭವ ಉಂಟು. ನೀರು ರಭಸದಿಂದ ಮುಂದಕ್ಕೆ ಚಿಮ್ಮುವಾಗ ಪೈಪು ಕೈಯನ್ನು ಹಿಂದಕ್ಕೆ ಒತ್ತುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ ವಿರುದ್ಧ ಪ್ರತಿಕ್ರಿಯೆ ಇರುತ್ತದೆಂಬ ನ್ಯೂಟನ್ನನ ನಿಯಮವೇ ಇದು. ಜೆಟ್ ದೋಣಿಯನ್ನು ನಡೆಸುವುದೂ ಇದೇ ಒತ್ತು. ಚಿಮ್ಮಿದ ನೀರು ಹಿಂದಿನ ಹೊಳೆಯ ನೀರನ್ನು ತಳ್ಳಬೇಕಾದುದಿಲ್ಲ. ಗಾಳಿಗೆ ಚಿಮ್ಮಿದರೂ ಒತ್ತು ಕುಂದದು. ತಳದ ಕೆಳಗೆ ಜೋತುಬಿದ್ದ ಮೂತಿಯಾದರೋ ನೀರನ್ನು ಸೀಳುತ್ತ ಸಾಗಬೇಕಾಗಿ ದೋಣಿಗೆ ತಡೆಯಾಗುತ್ತಿತ್ತು. ಅದನ್ನು ಮೇಲೆತ್ತಿದಾಗ ತಡೆಯೂ ತಪ್ಪಿತು, ಕಲ್ಲಿಗೆ ತಗುಲುವ ಭಯವೂ ತಪ್ಪಿತು.

ಆದರೆ ಪಂಪನ್ನು ಹದಗೊಳಿಸುವ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮೊದಲಿನ ಪಂಪುಗಳು ನೀರನ್ನು ಅಂಚಿನ ಕಡೆಗೆ ಎಸೆಯುವ ಕೇಂದ್ರಾಪಗಾಮಿ ಬಗೆಯವು. ಮುಂದೆ ಹ್ಯಾಮಿಲ್ಟನ್ನರೂ ಅವರ ಸಂಗಡಿಗರೂ ನೀರನ್ನು ನೇರವಾಗಿ ಹಿಂದಕ್ಕೆ ಸಾಗಿಸುವ, ಹಲವು ಹಂತಗಳ ಪಂಪನ್ನು ಸಿದ್ಧಪಡಿಸಿದರು. ಇಂತಹ ಪಂಪಿನಲ್ಲಿ ಒಂದೊಂದು ಅಂಗವೂ ಇನ್ನೊಂದಕ್ಕೆ ಹೊಂದಿಕೊಂಡಿರಬೇಕು. ಮೂತಿಯನ್ನು ಕಿರಿದುಗೊಳಿಸಿದರೆ ನೀರಿನ ಧಾರೆ ರಭಸವಾಗುತ್ತದೆ, ಆದರೆ ಹೊರಬೀಳುವ ನೀರಿನ ಮೊತ್ತ ಕಡಿಮೆಯಾಗುತ್ತದೆ. ಹಿಗ್ಗಿಸಿದರೆ ಮೊತ್ತ ಹೆಚ್ಚಿ, ರಭಸ ಇಳಿಯುತ್ತದೆ. ಪಂಪಿನ ತಿರುಗುಚಕ್ರದ ರೆಕ್ಕೆಗಳ ಓರೆ ಅತಿಯಾದರೆ ಎಂಜಿನ್ನು ಏದುಸಿರು ಬಿಡುತ್ತದೆ. ಸಾಲದಿದ್ದರೆ ಎಂಜಿನ್ನು ಬರಿದೆ ಗಿರಕಿ ಹೊಡೆದು ಬಲ ವ್ಯರ್ಥವಾಗುತ್ತದೆ. ಚಕ್ರಕ್ಕೂ ಅದರ ಸುತ್ತಲಿನ ಕವಚಕ್ಕೂ ನಡುವಿನ ಸಂದು ಬಹು ಸಣ್ಣದಿರಬೇಕು. ಮರಳು ಸವೆಸಿ ಸಂದು ಹಿಗ್ಗಿತೆಂದರೆ ನೀರು ಹಿಂದಕ್ಕೆ ನುಸುಳಿ, ಒತ್ತು ತಗ್ಗುತ್ತದೆ. ನೀರು ಒಳಸೇರುವ ಬಾಯಿಯಲ್ಲಿ ಗಾಳಿ ಹೊಕ್ಕರೂ, ಜಾಲರಿಗೆ ಕಸಕಡ್ಡಿ ಸಿಕ್ಕಿಕೊಂಡರೂ ಪಂಪಿಗೆ ಹಿಡಿತ ತಪ್ಪುತ್ತದೆ.

ವೇಗದಷ್ಟೇ ಮುಖ್ಯವಾದುದು ದೋಣಿಯ ಅಂಕೆ. ಜೆಟ್ ದೋಣಿಗೆ ನೀರಿನೊಳಗೆ ಇಳಿದ ಚುಕ್ಕಾಣಿಯಿಲ್ಲ. ಮೂತಿಯಿಂದ ಹೊರಡುವ ಧಾರೆಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿದರೆ ದೋಣಿ ತಿರುಗುತ್ತದೆ. ಧಾರೆಯ ಮುಂದೆ ಬಟ್ಟಲಿನಂತಹ ತಡೆಯೊಂದನ್ನು ಇಳಿಸಿದರೆ, ನೀರು ಮುಂದಕ್ಕೆ ಮರಳಿ, ದೋಣಿ ಹಿಂದಕ್ಕೆ ಸರಿಯುತ್ತದೆ. ಆದರೆ ಧಾರೆಯಿಲ್ಲದಿದ್ದರೆ ಅಂಕೆಯೂ ಇಲ್ಲ. ಎದುರಿಗೆ ಬಂಡೆ ಕಂಡಾಗ ಹೆದರಿ ಎಂಜಿನ್ನಿನ ಬಲವನ್ನು ಕುಂದಿಸುವ ಚಾಲಕನು ದೋಣಿಯನ್ನು ಪ್ರವಾಹದ ಕೈಗೆ ಒಪ್ಪಿಸಿದಂತೆಯೇ ಸರಿ. ಭಯದ ಕ್ಷಣದಲ್ಲಿ ಬಲವನ್ನು ಕಾಯ್ದುಕೊಂಡು, ಧಾರೆಯನ್ನು ತಿರುಗಿಸುವವನೇ ಪಾರಾಗುತ್ತಾನೆ.

ಈ ದೋಣಿಯಲ್ಲಿ ಅಮೆರಿಕೆಯ ಕೊಲರಾಡೊ ನದಿಯನ್ನು ಏರುತ್ತೇವೆಂದು ಹ್ಯಾಮಿಲ್ಟನ್ನರು ಹೇಳಿದಾಗ ಅಲ್ಲಿನ ಪತ್ರಿಕೆಗಳು ನಕ್ಕವು. ಗ್ರ್ಯಾಂಡ್ ಕ್ಯಾನ್ಯನ್ ಎಂಬ ಕಡಿದಾದ ಕಣಿವೆಯಲ್ಲಿ ಸುಮಾರು 446 ಕಿಲೋಮೀಟರು ಉದ್ದಕ್ಕೆ ಆ ನದಿ ಭೋರ್ಗರೆಯುತ್ತ ಹರಿಯುತ್ತದೆ. ಅದರ ಸೆಳವುಗಳನ್ನು ಎದುರೇರಿ ಕಣಿವೆಯನ್ನು ದಾಟಿದ ದೋಣಿ ಅದುವರೆಗೆ ಇರಲಿಲ್ಲ. ದಾರಿಗೆ ಬೇಕಾದ ಪೆಟ್ರೋಲನ್ನು ಮೊದಲೇ ಇರಿಸಿಬರಲು ಅವರ ದೋಣಿಗಳು ಕೆಳಮುಖವಾಗಿ ಸಾಗಿದವು. ಬಳಿಕ 1960ರಲ್ಲಿ ಅವೇ ದೋಣಿಗಳು ಮೇಲ್ಮುಖವಾಗಿ ಕಣಿವೆಯನ್ನು ಏರಿದವು. ಹ್ಯಾಮಿಲ್ಟನ್ನರ ಮಗ ಜಾನ್ ಆ ಯಾತ್ರೆಯ ಚಾಲಕರಲ್ಲಿ ಒಬ್ಬರು. ನಗೆ ಅಲ್ಲಿಗೆ ನಿಂತಿತು.

ನಮ್ಮ ದೇಶಕ್ಕೂ ಈ ದೋಣಿಗಳು ಬಂದವು. 1977ರಲ್ಲಿ ಎವರೆಸ್ಟ್ ವೀರ ಎಡ್ಮಂಡ್ ಹಿಲರಿಯವರು ಗಂಗೆಯನ್ನು ಸಾಗರದ ಮುಖದಿಂದ ಹಿಮಾಲಯದ ಕಡೆಗೆ ಏರುವ ಯಾತ್ರೆಯನ್ನು ಕೈಗೊಂಡರು. ಮೂರು ಜೆಟ್ ದೋಣಿಗಳು ಬಯಲನ್ನು ದಾಟಿ, ಬೆಟ್ಟದ ನಡುವಿನ ಸೆಳವುಗಳನ್ನೂ ಏರಿದವು. ಕೊನೆಗೆ ಅಲಕನಂದೆಯ ನಂದಪ್ರಯಾಗದ ಬಳಿ ಜಲಪಾತವೊಂದು ಅವುಗಳನ್ನು ತಡೆಯಿತು. ಪಂಪು ಎಷ್ಟೇ ಹದವಾಗಿದ್ದರೂ ಪ್ರಕೃತಿಯ ಮುಂದೆ ಯಂತ್ರಕ್ಕೊಂದು ಎಲ್ಲೆಯುಂಟೆಂಬುದನ್ನು ಆ ಜಲಪಾತ ತೋರಿಸಿತು.

1974ರಲ್ಲಿ ಹ್ಯಾಮಿಲ್ಟನ್ನರಿಗೆ ಸರ್ ಪದವಿ ದೊರೆಯಿತು. ಆದರೂ ಜೆಟ್ ದೋಣಿಯನ್ನು ಕಂಡುಹಿಡಿದವನು ತಾನೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ಆ ಗೌರವವನ್ನು ಅವರು ಪ್ರಾಚೀನ ಗ್ರೀಸಿನ ಆರ್ಕಿಮಿಡೀಸನಿಗೆ ಸಲ್ಲಿಸಿದರು. 1978ರ ಮಾರ್ಚ್ 30ರಂದು ಅವರು ಕಣ್ಮುಚ್ಚಿದರು. ಇಂದು ಪ್ರಪಂಚದ ಹಲವೆಡೆ ಗಸ್ತು ದೋಣಿಗಳಲ್ಲಿ, ರಕ್ಷಣಾ ದೋಣಿಗಳಲ್ಲಿ ಅವರು ಹದಗೊಳಿಸಿದ ತತ್ತ್ವವೇ ದುಡಿಯುತ್ತಿದೆ.

ದೋಣಿಗೆ ವೇಗ ತಂದುದು ಹೊಸದೊಂದು ದೈತ್ಯ ಎಂಜಿನ್ನಲ್ಲ. ಒಂದು ಮೂತಿಯನ್ನು ತಕ್ಕ ಎಡೆಯಲ್ಲಿ ಇರಿಸಿದ ವಿವೇಕ. ಆ ವಿವೇಕವು ಕೆಲಸಗಾರನ ಬಾಯಿಂದ ಬಂದಾಗ ಅದನ್ನು ಆಲಿಸುವ ಸಹೃದಯತೆ ಹ್ಯಾಮಿಲ್ಟನ್ನರಲ್ಲಿತ್ತು. ಸೋಲಿನ ಕಾರಣವನ್ನು ತಾಳ್ಮೆಯಿಂದ ಹುಡುಕುವವನಿಗೆ, ಯಾರ ಮಾತಿನಲ್ಲಿ ಹುರುಳಿದ್ದರೂ ಕಿವಿಗೊಡುವವನಿಗೆ, ಎದುರು ಪ್ರವಾಹವೂ ದಾರಿ ಬಿಟ್ಟೀತು.